ಮೇಜಿನ ಆಚೆ ಬದಿ ಖಾಲಿಯಾದರೆ ನಷ್ಟ ಯಾರಿಗೆ?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ ನಮ್ಮ ಹೊರನಾಡ ಕನ್ನಡಿಗರ ವಾಟ್ಸ್ಯಾಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ಕೇಳಿಬಂದವು. ಒಂದು, 'ಇದು ಕಾರ್ಖಾನೆಯವರ ವಿಷಯ, ನಮಗೇನು?' ಎಂಬ ಉದಾಸೀನ. ಇನ್ನೊಂದು, 'ಅಂತೂ ಯೂನಿಯನ್ನಿನವರ ಆಟ ಮುಗಿಯಿತು' ಎಂಬ ಹಿಗ್ಗು. ಮೊದಲನೆಯ ಮಾತಿಗೆ ಆಮೇಲೆ ಬರುತ್ತೇನೆ. ಈ ಲೇಖನ ಮುಖ್ಯವಾಗಿ ಹಿಗ್ಗಿದವರಿಗೆ. ಚಾಕಣದಲ್ಲಿ, ಶ್ರೀಪೆರಂಬದೂರಿನಲ್ಲಿ, ಮಾನೇಸರದಲ್ಲಿ ಮಾನವ ಸಂಪನ್ಮೂಲ ವಿಭಾಗ ನೋಡಿಕೊಳ್ಳುವ ನಮ್ಮವರಿಗೆ, ಸಣ್ಣಪುಟ್ಟ ಘಟಕ ನಡೆಸುವ ನಮ್ಮವರಿಗೆ, ನಾಳೆ ಮ್ಯಾನೇಜರ್ ಆಗಲಿರುವ ಎಂಬಿಎ ವಿದ್ಯಾರ್ಥಿಗಳಿಗೆ.

ನನ್ನ ವಾದ ಇಷ್ಟೆ. ಕಾರ್ಮಿಕ ಸಂಘವನ್ನು ಕಟ್ಟುವುದು, ಉಳಿಸಿಕೊಳ್ಳುವುದು, ಅದರ ಮೂಲಕ ಮುಷ್ಕರ ಹೂಡುವುದು ಕಷ್ಟವಾದಷ್ಟೂ ಮಾಲೀಕನಿಗೆ ಲಾಭ ಎಂಬ ಲೆಕ್ಕವೇ ತಪ್ಪು. ಸಂಘ ಕಾರ್ಮಿಕನಿಗೆ ಎಷ್ಟು ಬೇಕೋ ಮಾಲೀಕನಿಗೂ ಅಷ್ಟೇ ಬೇಕು. ಇದು ಧರ್ಮಬೋಧೆಯಲ್ಲ, ವ್ಯವಹಾರದ ಮಾತು. ಈ ನೂರು ವರ್ಷಗಳಲ್ಲಿ ನಾವು ಬದುಕು ಕಟ್ಟಿಕೊಂಡ ಊರುಗಳಲ್ಲೇ, ನಮ್ಮ ಕಣ್ಣೆದುರೇ, ಇದಕ್ಕೆ ಸಾಕ್ಷಿ ಬಿದ್ದಿದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 29 ಕೇಂದ್ರ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಾಗಿ ಕಟ್ಟಿದ್ದಾರೆ. ಅವುಗಳಲ್ಲಿ ಸಂಘಗಳಿಗೆ ಸಂಬಂಧಿಸಿದ್ದು 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ. ಇದು 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ, ಈ ಮೂರನ್ನೂ ನುಂಗಿಕೊಂಡಿದೆ. ಇದರ ಪ್ರಕಾರ ಒಂದು ಸಂಸ್ಥೆಯಲ್ಲಿ ಹಲವು ಸಂಘಗಳಿದ್ದರೆ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇಕಡ 51ರಷ್ಟು ಬೆಂಬಲ ಇರುವ ಸಂಘವೇ ಏಕೈಕ ಮಾತುಕತೆಯ ಸಂಘ. ಯಾವುದಕ್ಕೂ ಅಷ್ಟು ಬಲ ಇಲ್ಲದಿದ್ದರೆ, ಕನಿಷ್ಠ ಶೇಕಡ 20ರಷ್ಟು ಬೆಂಬಲ ಇರುವ ಸಂಘಗಳ ಪ್ರತಿನಿಧಿಗಳನ್ನು ಸೇರಿಸಿ ಮಾತುಕತೆಯ ಮಂಡಳಿ. ಮುಷ್ಕರ ಮಾಡಬೇಕಾದರೆ 14 ದಿನಗಳ ಮುಂಚಿತ ನೋಟಿಸು ಕೊಡಬೇಕು. ಹಿಂದೆ ಈ ನೋಟಿಸಿನ ಕಟ್ಟುಪಾಡು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು, ಈಗ ಎಲ್ಲ ಕೈಗಾರಿಕೆಗಳಿಗೂ ಅನ್ವಯ. ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ ಏಳು ದಿನಗಳವರೆಗೆ ಮುಷ್ಕರ ಹೂಡುವಂತಿಲ್ಲ. ಅರ್ಧಕ್ಕರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾಗುತ್ತಿದ್ದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ.

ಇದರಲ್ಲಿ ಒಳ್ಳೆಯದೇನೂ ಇಲ್ಲವೆ? ಇದೆ. ಆ ಒಂದು ಒಳ್ಳೆಯದನ್ನು ಎಡದ ಗೆಳೆಯರು ಒಪ್ಪಲು ಹಿಂಜರಿಯುತ್ತಾರೆ, ನಾನು ಹೇಳಿಬಿಡುತ್ತೇನೆ. ದೇಶಕ್ಕೆಲ್ಲ ಅನ್ವಯಿಸುವ ಕಾನೂನಿನಲ್ಲಿ 'ಇಂಥ ಸಂಘದೊಡನೆ ಮಾತಾಡಲೇಬೇಕು' ಎಂಬ ಸಾಲು ಜಾರಿಗೆ ಬಂದದ್ದು ಇದೇ ಮೊದಲು.

ಹಳೆಯ ಕತೆ ಗೊತ್ತಿದ್ದರೆ ಇದರ ಬೆಲೆ ತಿಳಿಯುತ್ತದೆ. 1918ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರು ಸೇರಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬಿ. ಪಿ. ವಾಡಿಯಾ ಮುಂದಾಳು. ಗಿರಣಿಯವರು ಅವರ ಮೇಲೆ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದರು. ಕೂಲಿ ಹೆಚ್ಚಿಸಿ ಎಂದು ಜನರನ್ನು ಒಟ್ಟುಗೂಡಿಸುವುದೇ ಆಗ ಅಪರಾಧದ ಅಂಚಿನಲ್ಲಿತ್ತು. ಆ ಗದ್ದಲದ ಫಲವಾಗಿ ಬಂದದ್ದು 1926ರ ಕಾಯ್ದೆ. ಅದು ಸಂಘವನ್ನು ನೋಂದಾಯಿಸಿಕೊಳ್ಳಲು ದಾರಿ ಮಾಡಿತು, ಆದರೆ ಮಾಲೀಕ ಅದನ್ನು ಮಾನ್ಯ ಮಾಡಲೇಬೇಕು ಎನ್ನಲಿಲ್ಲ. 1947ರಲ್ಲಿ ಕಡ್ಡಾಯ ಮಾನ್ಯತೆಗಾಗಿ ಒಂದು ತಿದ್ದುಪಡಿ ಪಾಸಾಯಿತು, ಆದರೆ ಅದನ್ನು ಜಾರಿಗೆ ತರಲೇ ಇಲ್ಲ. ಮುಂದಿನ ಮುಕ್ಕಾಲು ಶತಮಾನ ನಮ್ಮಲ್ಲಿ ನಡೆದ ಎಷ್ಟೋ ದೊಡ್ಡ ಮುಷ್ಕರಗಳ ಬೇರು ಸಂಬಳದಲ್ಲಿ ಇರಲಿಲ್ಲ, 'ನೀವು ಯಾರು ಮಾತಾಡಲು?' ಎಂಬ ಒಂದೇ ಪ್ರಶ್ನೆಯಲ್ಲಿತ್ತು.

ಈ ಪ್ರಶ್ನೆಯನ್ನು ತಪ್ಪಾಗಿ ಬಗೆಹರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಾವು ಮುಂಬಯಿಯವರು ದೂರ ಹೋಗಬೇಕಿಲ್ಲ. ಲೋವರ್ ಪರೇಲ್ ಸ್ಟೇಷನ್ನಿನಲ್ಲಿ ಇಳಿದರೆ ಸಾಕು. ಇಂದು ನಮ್ಮ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಚೀಲ ಹೊತ್ತು ಹೋಗುವ ಕಮಲಾ ಮಿಲ್ಸ್, ವಾರಾಂತ್ಯಕ್ಕೆ ಸುತ್ತಾಡುವ ಫೀನಿಕ್ಸ್ ಮಾಲ್, ಇವು ಒಂದು ಕಾಲದ ಬಟ್ಟೆ ಗಿರಣಿಗಳು. 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಪ್ರಕಾರ ಈ ಗಿರಣಿಗಳಲ್ಲಿ ಮಾತುಕತೆಯ ಹಕ್ಕು ಒಂದೇ ಸಂಘಕ್ಕೆ, ಕಾಂಗ್ರೆಸ್ಸಿನ ಇಂಟಕ್‌ಗೆ ಸೇರಿದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಕಾಗದದ ಮೇಲೆ ಪ್ರತಿನಿಧಿ ಅದೇ. ಆದರೆ ಕಾರ್ಮಿಕರ ಮನಸ್ಸು ಅದನ್ನು ಬಿಟ್ಟು ಎಂದೋ ಆಚೆ ನಡೆದಿತ್ತು. ಅವರು ಡಾಕ್ಟರ್ ದತ್ತಾ ಸಾಮಂತರ ಬಾಗಿಲು ತಟ್ಟಿದರು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಜನ ಮುಷ್ಕರಕ್ಕಿಳಿದರು. ಕೂಲಿ ಮತ್ತು ಬೋನಸ್ಸಿನ ಜತೆಗೆ ಅವರ ದೊಡ್ಡ ಬೇಡಿಕೆ ಆ ಕಾಯ್ದೆಯನ್ನೇ ತೆಗೆಯಿರಿ ಎಂಬುದಾಗಿತ್ತು.

ಮಾಲೀಕರು ಕಾನೂನನ್ನು ತೋರಿಸಿದರು. 'ಮಾನ್ಯ ಸಂಘ ಬೇರೆ ಇದೆ, ನಾವು ಸಾಮಂತರೊಡನೆ ಮಾತಾಡುವಂತಿಲ್ಲ.' ಕಾನೂನಿನ ಪ್ರಕಾರ ಅವರ ಮಾತು ಸರಿಯೇ. ಆದರೆ ಯಾರೊಡನೆ ಮಾತಾಡಲು ಕಾನೂನು ಹೇಳಿತ್ತೋ ಅವರ ಮಾತನ್ನು ಒಬ್ಬ ನೇಯ್ಗೆಯವನೂ ಕೇಳುತ್ತಿರಲಿಲ್ಲ. ಯಾರ ಮಾತನ್ನು ಕೇಳುತ್ತಿದ್ದರೋ ಅವರೊಡನೆ ಮಾತಾಡಲು ಕಾನೂನು ಬಿಡಲಿಲ್ಲ. ತಿಂಗಳುಗಳು ಉರುಳಿದವು. ಮುಷ್ಕರ ಯಾವ ಒಪ್ಪಂದವೂ ಇಲ್ಲದೆ, ಮುಗಿಯಿತು ಎಂದು ಯಾರೂ ಸಾರದೆ ಸವೆದುಹೋಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು.

'ಮಾಲೀಕರಿಗೇನು ನಷ್ಟ? ಜಮೀನು ಬಂಗಾರವಾಯಿತಲ್ಲ' ಎನ್ನುವವರಿದ್ದಾರೆ. ನಿಜ, ಬಂಗಾರವಾಯಿತು. ಆದರೆ ಅದು ಭೂಮಾಲೀಕನ ಲಾಭ, ಗಿರಣಿ ಮಾಲೀಕನದಲ್ಲ. ಅಂಥ ಜಮೀನು ಪುಣೆಯ ಚಾಕಣದಲ್ಲಿ ಬಾಡಿಗೆಗೆ ಶೆಡ್ಡು ಹಿಡಿದು ಬಿಡಿಭಾಗ ಮಾಡುವ ನಮ್ಮ ಗೆಳೆಯನಿಗೆ ಇಲ್ಲ. ಅವನ ಬಳಿ ಇರುವುದು ಆರ್ಡರು ಮತ್ತು ಅದನ್ನು ಪೂರೈಸಬೇಕಾದ ತಾರೀಖು.

ಮುಂಬಯಿ ಹಳೆಯದಾಯಿತು ಎನ್ನುವುದಾದರೆ ದಿಲ್ಲಿಯ ಮಗ್ಗುಲಿಗೆ ಬನ್ನಿ. ಮಾನೇಸರದ ಮಾರುತಿ ಸುಜುಕಿ ಕಾರ್ಖಾನೆಯಲ್ಲಿ 2011ರ ಜೂನ್‌ನಲ್ಲಿ ಕಾರ್ಮಿಕರು 13 ದಿನ ಕೆಲಸ ನಿಲ್ಲಿಸಿದ್ದು ತಮ್ಮದೇ ಸಂಘ ಬೇಕು ಎಂದು. ಗುರುಗ್ರಾಮದ ಕಾರ್ಖಾನೆಯಲ್ಲಿ ಹಳೆಯ ಸಂಘ ಇತ್ತು, ಅದೇ ಸಾಕು ಎಂಬುದು ಆಡಳಿತದ ಧೋರಣೆ. ಹೊಸ ಸಂಘದ ನೋಂದಣಿ ತಿರಸ್ಕೃತವಾಯಿತು. ಆಗಸ್ಟ್ ಕೊನೆಗೆ 'ಸನ್ನಡತೆಯ ಮುಚ್ಚಳಿಕೆ'ಗೆ ಸಹಿ ಹಾಕಿದವರಿಗೆ ಮಾತ್ರ ಒಳಗೆ ಪ್ರವೇಶ ಎಂದಾಯಿತು. ವರ್ಷದ ಕೊನೆಯ ಹೊತ್ತಿಗೆ ಚಳವಳಿಯ ಮುಂದಾಳುಗಳು ಪರಿಹಾರದ ಹಣ ಪಡೆದು ಕಂಪನಿಯನ್ನೇ ಬಿಟ್ಟರು. ಆಡಳಿತ ಗೆದ್ದಿತು ಎಂದು ಆಗ ಅನೇಕರು ಅಂದುಕೊಂಡಿರಬೇಕು. ಆದರೆ ಹಾಗೆ ಹೋದವರ ಜತೆ ಒಂದು ವರ್ಷದ ಮಾತುಕತೆಯ ಅನುಭವವೂ ಹೋಯಿತು. 2012ರಲ್ಲಿ ಸಂಘಕ್ಕೆ ನೋಂದಣಿ ಸಿಕ್ಕಿತು, ಆದರೆ ಅಷ್ಟರಲ್ಲಿ ನಂಬಿಕೆ ಸತ್ತಿತ್ತು. ಆ ಜುಲೈ 18ರಂದು ನಡೆದ ಹಿಂಸೆಯಲ್ಲಿ ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಕಾರ್ಖಾನೆ ಒಂದು ತಿಂಗಳು ಮುಚ್ಚಿತು. 500ಕ್ಕೂ ಹೆಚ್ಚು ಕಾಯಂ ಕಾರ್ಮಿಕರು ವಜಾ ಆದರು. ಬಂಧಿತರಾಗಿ ವಿಚಾರಣೆ ಎದುರಿಸಿದ 148 ಮಂದಿಯಲ್ಲಿ 117 ಮಂದಿ 2017ರಲ್ಲಿ ಖುಲಾಸೆಯಾದರು, 31 ಮಂದಿಗೆ ಶಿಕ್ಷೆಯಾಯಿತು. ಆ ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಅದಕ್ಕೆ ಮುಂಚಿನ ಹದಿಮೂರು ತಿಂಗಳು ಮಾತಿನ ದಾರಿಗಳನ್ನು ಒಂದೊಂದಾಗಿ ಮುಚ್ಚಿದ್ದಕ್ಕೂ ಸಮರ್ಥನೆಯಿಲ್ಲ.

ಇತ್ತೀಚಿನದೇ ಬೇಕೆ? ಚೆನ್ನೈ ಹತ್ತಿರದ ಶ್ರೀಪೆರಂಬದೂರು. 2024ರ ಸೆಪ್ಟೆಂಬರ್ 9ರಿಂದ ಅಕ್ಟೋಬರ್ 15ರವರೆಗೆ, 37 ದಿನ, ಸ್ಯಾಮ್ಸಂಗ್ ಕಾರ್ಖಾನೆಯ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಹೊರಗೆ ಕುಳಿತರು. ದಸರಾ, ದೀಪಾವಳಿಗೆ ಫ್ರಿಜ್ಜು, ವಾಷಿಂಗ್ ಮಷೀನು ಮಾರಾಟವಾಗುವ ಕಾಲ. ಮುಖ್ಯ ಬೇಡಿಕೆ ಸಂಘಕ್ಕೆ ಮಾನ್ಯತೆ. ಸಂಘದ ಹೆಸರಿನಲ್ಲಿ 'ಸ್ಯಾಮ್ಸಂಗ್' ಎಂಬ ಪದ ಬರಬಾರದು ಎಂಬ ತಕರಾರೂ ಅದರೊಳಗೆ ಸೇರಿತ್ತು. ನಡುವೆ ಕಂಪನಿ ಸಂಘವನ್ನು ಬಿಟ್ಟು ತನಗೆ ಒಪ್ಪಿಗೆಯಾದ ಕಾರ್ಮಿಕರ ಸಮಿತಿಯೊಡನೆ ಒಪ್ಪಂದ ಮಾಡಿಕೊಂಡಿತು, ಮುಷ್ಕರ ನಿಲ್ಲಲಿಲ್ಲ. ಕೊನೆಗೆ ರಾಜ್ಯದ ಮಂತ್ರಿಗಳು ನಡುವೆ ಕೂತು ಬಗೆಹರಿಸಬೇಕಾಯಿತು. 2025ರ ಜನವರಿಯಲ್ಲಿ ಸಂಘ ನೋಂದಣಿಯಾಯಿತು, ಅದೇ ಹೆಸರಿನಲ್ಲಿ! ಕೊನೆಗೆ ಆಗುವುದೇ ಆಗಿದ್ದರೆ ಆ 37 ದಿನಗಳನ್ನು ಕಳೆದದ್ದು ಯಾವ ಜಾಣತನ?

ಇನ್ನು ನಮ್ಮೂರಿನ ಕಡೆಯ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನ ಪಶ್ಚಿಮಕ್ಕೆ ಬಿಡದಿ, ಪೂರ್ವಕ್ಕೆ ಕೋಲಾರ ಜಿಲ್ಲೆಯ ನರಸಾಪುರ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕಾರ್ಮಿಕರೊಬ್ಬರ ಅಮಾನತಿನಿಂದ ಮುಷ್ಕರ ಶುರುವಾಗಿ ಮರುದಿನವೇ ಲಾಕೌಟ್ ಆಯಿತು. ಅಲ್ಲಿ ಸಂಘ ಇತ್ತು. ಜಗಳ ಕಹಿಯಾಗಿತ್ತು, ತಿಂಗಳುಗಟ್ಟಲೆ ಎಳೆಯಿತು. 'ನೋಡಿ, ಸಂಘವಿದ್ದರೂ ಮುಷ್ಕರ ತಪ್ಪಲಿಲ್ಲ' ಎನ್ನುವವರು ಇದನ್ನೇ ತೋರಿಸುತ್ತಾರೆ. ಸರಿ. ಈಗ ಸುಮಾರು ಒಂದು ತಿಂಗಳ ಅನಂತರ, ಡಿಸೆಂಬರ್ 12ರ ಬೆಳಗಿನ ಜಾವ, ನರಸಾಪುರದಲ್ಲಿ ಏನಾಯಿತು? ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಘವಿರಲಿಲ್ಲ. ಬಹುಪಾಲು ಕಾರ್ಮಿಕರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಸಂಬಳ ಸರಿಯಾಗಿ ಬರುತ್ತಿಲ್ಲ, ಹೇಳಿದ್ದಕ್ಕಿಂತ ಕಡಿಮೆ ಬರುತ್ತಿದೆ ಎಂದು ಅವರು ಗೊಣಗುತ್ತಿದ್ದರು. ಗೊಣಗಾಟವನ್ನು ದೂರಾಗಿ, ದೂರನ್ನು ಬೇಡಿಕೆಯಾಗಿ ಬರೆದು ಮೇಲಿನವರ ಮೇಜಿಗೆ ತಲುಪಿಸುವವರು ಯಾರೂ ಇರಲಿಲ್ಲ. ಪಾಳಿ ಮುಗಿಸಿ ಹೊರಟ ಜನ ಗಾಜು ಒಡೆದರು, ವಾಹನ ಉರುಳಿಸಿದರು, ಬೆಂಕಿ ಹಚ್ಚಿದರು. ಕಂಪನಿ ಮೊದಲು ಪೊಲೀಸರ ಮುಂದೆ ಹೇಳಿದ ನಷ್ಟ 437 ಕೋಟಿ ರೂಪಾಯಿ, ಆಮೇಲೆ ಅದು ಬಹಳ ಕೆಳಗಿಳಿಯಿತು. ಆದರೆ ನಷ್ಟವೆಂದರೆ ಗಾಜು, ಯಂತ್ರ ಮಾತ್ರವಲ್ಲವಲ್ಲ. ಆ್ಯಪಲ್ ಕಂಪನಿ ವಿಸ್ಟ್ರಾನನ್ನು ಪರೀಕ್ಷಾವಧಿಯಲ್ಲಿಟ್ಟಿತು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಪಾವತಿಯಾಗಿರಲಿಲ್ಲ ಎಂದು ವಿಸ್ಟ್ರಾನ್ ತಾನೇ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು.

ಬಿಡದಿಯಲ್ಲಿ ನರಸಾಪುರದಂಥ ಧ್ವಂಸ ನಡೆಯಲಿಲ್ಲ. ಅಲ್ಲಿ ಜಗಳಕ್ಕೂ ಒಂದು ವಿಳಾಸವಿತ್ತು. ನೋಟಿಸು ಯಾರಿಗೆ ಕೊಡಬೇಕು, ಸಚಿವರ ಸಭೆಗೆ ಯಾರನ್ನು ಕರೆಯಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ನರಸಾಪುರದಲ್ಲಿ ಅಂಥ ವಿಳಾಸವೇ ಇರಲಿಲ್ಲ.

ಅದಕ್ಕೂ ಮುಂಚೆ, 2016ರ ಏಪ್ರಿಲ್‌ನಲ್ಲಿ, ಭವಿಷ್ಯ ನಿಧಿಯ ಹಣ ಹಿಂಪಡೆಯುವ ನಿಯಮ ಬದಲಾಯಿತು ಎಂಬ ಸುದ್ದಿಗೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ನೆನಪಿದೆಯೆ? ಎರಡು ದಿನ ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತುಹೋದವು, ಬಸ್ಸುಗಳು ಉರಿದವು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಸಂಘವಿಲ್ಲದ ಕಾರ್ಖಾನೆಯ ಶಾಂತಿ ಬೂದಿ ಮುಚ್ಚಿದ ಕೆಂಡ. ಮೇಲಿನಿಂದ ನೋಡಿದರೆ ತಣ್ಣಗೇ ಕಾಣುತ್ತದೆ.

ಈಗ ಹೊಸ ಸಂಹಿತೆಗೆ ಮರಳೋಣ. ಅದು ವಿಳಾಸ ಕೊಡುತ್ತದೆಯೆ, ಅಳಿಸುತ್ತದೆಯೆ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತದೆ ಎಂಬುದು ನನ್ನ ಆರೋಪ.

ಮೊದಲನೆಯದು ಶೇಕಡ 51ರ ಗೆರೆ. ಸಾವಿರ ಕಾರ್ಮಿಕರ ಕಾರ್ಖಾನೆಯಲ್ಲಿ ನಾಲ್ಕು ಸಂಘಗಳಿವೆ ಎಂದಿಟ್ಟುಕೊಳ್ಳಿ. 300, 260, 250, 190 ಹೀಗೆ ಬೆಂಬಲ ಹಂಚಿದೆ. 51 ಯಾರಿಗೂ ಇಲ್ಲ. ಮೂರು ಸಂಘಗಳು ಮಂಡಳಿಯಲ್ಲಿ ಕೂರುತ್ತವೆ, ಒಂದೊಂದರ ಬಣ್ಣ ಒಂದೊಂದು. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಗೇಟಿನಲ್ಲಿ ನಿಂತು ಬಯ್ಯುತ್ತಾರೆ. ನಾಲ್ಕನೆಯದು, 190 ಜನರದ್ದು, ಮೇಜಿಗೇ ಬರುವಂತಿಲ್ಲ. ಮೇಜಿಗೆ ಬರಲಾಗದವನು ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಗಿರಣಗಾಂವ್ ನಮಗೆ ಕಲಿಸಿದೆ. ಮಹಾರಾಷ್ಟ್ರದಲ್ಲಿ 1971ರ ಕಾಯ್ದೆ ಶೇಕಡ 30ರಷ್ಟು ಸದಸ್ಯರಿರುವ ಸಂಘಕ್ಕೆ ಮಾನ್ಯತೆಯ ಅರ್ಜಿ ಹಾಕಲು ಬಿಡುತ್ತಿತ್ತು. 51 ಎಂಬುದು ಪ್ರಜಾಪ್ರಭುತ್ವದ ಅಂಕಿಯಂತೆ ಕಾಣುತ್ತದೆ. ಆದರೆ ನಮ್ಮ ಎಷ್ಟು ಶಾಸಕರು, ಸಂಸದರು ಒಟ್ಟು ಮತದಾರರ ಶೇಕಡ 51ರ ಬೆಂಬಲದಿಂದ ಗೆದ್ದಿದ್ದಾರೆ?

ಎರಡನೆಯದು ಹಾಜರಿ ಪಟ್ಟಿ. ಎಣಿಕೆ ಆಗುವುದು ಆ ಸಂಸ್ಥೆಯ ಪಟ್ಟಿಯಲ್ಲಿರುವವರದ್ದು. ಇಂದಿನ ಕಾರ್ಖಾನೆಗಳಲ್ಲಿ ಒಂದೇ ಲೈನಿನಲ್ಲಿ, ಒಂದೇ ಸಮವಸ್ತ್ರದಲ್ಲಿ ನಿಂತವರಲ್ಲಿ ಒಬ್ಬ ಕಂಪನಿಯವನು, ಪಕ್ಕದವನು ಗುತ್ತಿಗೆದಾರನವನು, ಅವನ ಪಕ್ಕದವನು ಅಪ್ರೆಂಟಿಸ್. ನಿಗದಿತ ಅವಧಿಯ ನೇಮಕಾತಿಗೂ ಸಂಹಿತೆ ಮನ್ನಣೆ ಕೊಟ್ಟಿದೆ. ಮುಂದಿನ ವರ್ಷ ಒಪ್ಪಂದ ಮುಂದುವರಿಯುತ್ತದೋ ಇಲ್ಲವೋ ಎಂಬ ಭಯದಲ್ಲಿರುವವನು ಸಂಘದ ಚೀಟಿಗೆ ಸಹಿ ಹಾಕುತ್ತಾನೆಯೆ? ಹಾಕುವುದಿಲ್ಲ. ಹಾಗೆಂದು ಅವನ ಸಿಟ್ಟು ಇಲ್ಲವಾಗುವುದೂ ಇಲ್ಲ. ಮಾನ್ಯ ಸಂಘದೊಡನೆ ನೀವು ಮಾಡಿಕೊಂಡ ಒಪ್ಪಂದ ಕಾಯಂ ನೌಕರರನ್ನು ತಣಿಸುತ್ತದೆ, ಉತ್ಪಾದನೆಯ ಭಾರ ಹೊತ್ತ ಉಳಿದವರನ್ನು ಇನ್ನಷ್ಟು ಕೆರಳಿಸುತ್ತದೆ. ನರಸಾಪುರದಲ್ಲಿ ಕಲ್ಲೆತ್ತಿದವರು ಕಾಯಂ ಇಂಜಿನಿಯರುಗಳಾಗಿರಲಿಲ್ಲ.

ಮೂರನೆಯದು ಮುಷ್ಕರದ ನೋಟಿಸು. 14 ದಿನ ಮೊದಲು ತಿಳಿಸಿ ಎನ್ನುವುದು ತಪ್ಪಲ್ಲ. ಆದರೆ ನೋಟಿಸು ಕೊಟ್ಟ ಕೂಡಲೇ ಅದು ಸಂಧಾನಾಧಿಕಾರಿಯ ಮುಂದೆ ಹೋಗುತ್ತದೆ, ಸಂಧಾನ ನಡೆಯುವಾಗ ಮುಷ್ಕರ ಅಕ್ರಮ. ನ್ಯಾಯಮಂಡಳಿಗೆ ಹೋದರೆ ಅಲ್ಲಿ ಮುಗಿಯುವವರೆಗೆ, ಆಮೇಲೆ 60 ದಿನ, ಮತ್ತೆ ಅಕ್ರಮ. ಅಂದರೆ ಶಿಸ್ತಿನಿಂದ ನೋಟಿಸು ಕೊಟ್ಟವನಿಗೆ ಮುಷ್ಕರದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಅಕ್ರಮ ಮುಷ್ಕರಕ್ಕೆ 1,000ದಿಂದ 10,000 ರೂಪಾಯಿವರೆಗೆ ದಂಡ, ಒಂದು ತಿಂಗಳವರೆಗೆ ಸೆರೆ, ಪ್ರಚೋದಿಸಿದವರಿಗೆ ದಂಡ ಇನ್ನೂ ಹೆಚ್ಚು. ಹೀಗಾದಾಗ ಕಾರ್ಮಿಕ ಏನು ಕಲಿಯುತ್ತಾನೆ? ಸಹಿ ಹಾಕಿದ ಮುಂದಾಳು ಸಿಕ್ಕಿಬೀಳುತ್ತಾನೆ, ಮುಖ ತೋರಿಸದ ಗುಂಪು ತಪ್ಪಿಸಿಕೊಳ್ಳುತ್ತದೆ ಎಂಬ ಪಾಠವನ್ನು. ನಿಮಗೆ 14 ದಿನಗಳ ಮುನ್ಸೂಚನೆ ಕೊಡಲೆಂದು ಮಾಡಿದ ಕಾನೂನು, ಮುನ್ಸೂಚನೆಯೇ ಇಲ್ಲದ ಮುಷ್ಕರಗಳನ್ನು ತಂದು ನಿಮ್ಮ ಗೇಟಿನ ಮುಂದೆ ನಿಲ್ಲಿಸುತ್ತದೆ.

ಹಿಗ್ಗಿದವರು ಗಮನಿಸದ ಇನ್ನೊಂದು ಮಾತಿದೆ. ಈ 14 ದಿನಗಳ ನೋಟಿಸು ಲಾಕೌಟಿಗೂ ಅನ್ವಯಿಸುತ್ತದೆ. ಅಕ್ರಮ ಲಾಕೌಟಿಗೆ 50,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಒಂದು ತಿಂಗಳವರೆಗೆ ಸೆರೆ. ರಾತ್ರೋರಾತ್ರಿ ಬೀಗ ಹಾಕಿ ಕಾರ್ಮಿಕರನ್ನು ಬಗ್ಗಿಸುವ ಹಳೆಯ ಚಾಳಿಗೂ ಈ ಕಾನೂನಿನಲ್ಲಿ ಜಾಗವಿಲ್ಲ.

ನಾಲ್ಕನೆಯದು, 300ರ ಮಿತಿ. ಅದಕ್ಕಿಂತ ಕಡಿಮೆ ಕಾರ್ಮಿಕರಿರುವಲ್ಲಿ ಸ್ಥಾಯಿ ಆದೇಶಗಳೂ ಕಡ್ಡಾಯವಲ್ಲ. ಸಣ್ಣ ಮಾಲೀಕನಿಗೆ ಕಾಗದದ ಕೆಲಸ ಉಳಿಯಿತು, ನಿಜ. ಆದರೆ ಯಾವುದು ದುರ್ನಡತೆ, ವಿಚಾರಣೆ ಹೇಗೆ, ಶಿಕ್ಷೆ ಏನು ಎಂದು ಬರೆದಿಟ್ಟ ಆ ಕಾಗದ ಕೋರ್ಟಿನಲ್ಲಿ ಮೊದಲು ಕಾಪಾಡುತ್ತಿದ್ದುದು ಮಾಲೀಕನನ್ನೇ. ಬರೆದ ನಿಯಮವಿಲ್ಲದ ಕಡೆ ಪ್ರತಿಯೊಂದು ವಜಾವೂ ಒಂದೊಂದು ಮೊಕದ್ದಮೆ.

ಇನ್ನು ಎದುರು ವಾದಗಳು. 'ಯೂನಿಯನ್ ಎಂದರೆ ಹಫ್ತಾ ವಸೂಲಿ, ಪಕ್ಷದ ಬಾಲ' ಎನ್ನುವವರ ಅನುಭವವನ್ನು ನಾನು ಸುಳ್ಳು ಎನ್ನುವುದಿಲ್ಲ. ಕೇರಳದಲ್ಲಿ ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೇ ಕೂಲಿ ಕೇಳುವ 'ನೋಕ್ಕುಕೂಲಿ'ಯನ್ನು ನಿಲ್ಲಿಸಲು ಎಡ ಸರ್ಕಾರವೇ 2018ರಲ್ಲಿ ಆದೇಶ ಹೊರಡಿಸಬೇಕಾಯಿತು. ಆದರೆ ಮದ್ದು ಏನು? ನೆಗಡಿ ಬಂದಿತೆಂದು ಮೂಗು ಕೊಯ್ಯುವುದೆ? ಪುಂಡರನ್ನು ಹೊರಗಿಡಲು ಇರುವ ದಾರಿ ಗುಪ್ತ ಮತದಾನ, ಲೆಕ್ಕಪತ್ರ, ಕಾಲಕಾಲಕ್ಕೆ ಚುನಾವಣೆ. ನೇರ ದಾರಿ ಕಷ್ಟವಾದಾಗ ಉಳಿಯುವುದು ಅಡ್ಡದಾರಿ ಬಲ್ಲವರು ಮಾತ್ರ.

'ಸಣ್ಣ ಮಾಲೀಕ ಏನು ಮಾಡಬೇಕು?' ಎಂಬುದು ಇನ್ನೂ ನ್ಯಾಯವಾದ ಪ್ರಶ್ನೆ. ಮುಂಬಯಿಯಲ್ಲಿ ಅದು ನಮ್ಮ ಮನೆಯ ಪ್ರಶ್ನೆಯೇ. ಇಲ್ಲಿಯ ಉಡುಪಿ ಹೊಟೇಲುಗಳ ಮಾಲೀಕರೂ ನಮ್ಮ ಕರಾವಳಿಯವರು, ಮಾಣಿಗಳೂ ಕರಾವಳಿಯವರು. 1949ರಲ್ಲಿ ಮಂಗಳೂರಿನಿಂದ ಬಂದು ಇದೇ ಊರಿನ ಹೊಟೇಲು ಕೆಲಸಗಾರರನ್ನು, ಟ್ಯಾಕ್ಸಿಯವರನ್ನು, ನಗರಪಾಲಿಕೆಯ ನೌಕರರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸ್ ಕೂಡ ಕರಾವಳಿಯವರೇ. ಹಾಗಾಗಿ ಸಂಘವೆಂದರೆ ಹೊರಗಿನವರು ತಂದ ಕಾಯಿಲೆ ಎಂದು ಹೇಳಲು ನಮಗೆ ಬಾಯಿಲ್ಲ. ಹದಿನೈದು ಇಪ್ಪತ್ತು ಜನರಿರುವ ಹೊಟೇಲಿನಲ್ಲಿ ಮಾಲೀಕನಿಗೆ ಎಲ್ಲರ ಊರು, ಮನೆ, ಕಷ್ಟ ಗೊತ್ತಿರುತ್ತದೆ, ಬಾಯಿಮಾತಿನಲ್ಲೇ ಮುಗಿಯುತ್ತದೆ ಎನ್ನಬಹುದು. ಆಗಲಿ. ಆದರೆ 20 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮನಾಗಿರಬೇಕು ಎಂದು ಇದೇ ಸಂಹಿತೆ ಹೇಳುತ್ತದೆ. ಅದನ್ನು ಗೋಡೆಯ ಮೇಲಿನ ಬೋರ್ಡಿಗಾಗಿ ಮಾಡದೆ ನಿಜವಾಗಿ ನಡೆಸಿ. ಸಣ್ಣ ಮಾಲೀಕನಿಗೆ ಅದಕ್ಕಿಂತ ಅಗ್ಗದ ವಿಮೆ ಇಲ್ಲ.

ರಫ್ತಿನವರಿಗೆ ಇನ್ನೊಂದು ಲೆಕ್ಕ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕ ಮುಚ್ಚಿ ಸುಮಾರು 1,200 ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಬೀದಿಗೆ ಬಿದ್ದರು. ಅವರ ಸಂಘ ಬಟ್ಟೆ ಕೊಳ್ಳುವ ಎಚ್ ಅಂಡ್ ಎಮ್ ಕಂಪನಿಯವರೆಗೂ ದೂರು ಒಯ್ದಿತು. ಮರುವರ್ಷ ಮಾಲೀಕರು ಸಂಘದೊಡನೆ ಒಪ್ಪಂದಕ್ಕೆ ಬಂದು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದರು. ದಿಲ್ಲಿಯ ಕಾನೂನು ಎಷ್ಟೇ ಸಡಿಲವಾಗಲಿ, ವಿದೇಶಿ ಗಿರಾಕಿಯ ನಿಯಮಾವಳಿಯಲ್ಲಿ ಸಂಘ ಕಟ್ಟುವ ಹಕ್ಕು ಬರೆದಿರುತ್ತದೆ. ಇಲ್ಲಿ ಉಳಿಸಿದ್ದನ್ನು ಅಲ್ಲಿ ಕಳೆದುಕೊಳ್ಳುತ್ತೀರಿ.

ಈಗ ಮೊದಲ ಗುಂಪಿನವರು, 'ನಮಗೇನು?' ಎಂದವರು. ಐಟಿಯಲ್ಲಿರುವ ಗೆಳೆಯ ಗೆಳತಿಯರೆ, ಸಂಹಿತೆಯ ಸಂಘಗಳ ಅಧ್ಯಾಯದಲ್ಲಿ 'ಕಾರ್ಮಿಕ' ಎಂದರೆ ವ್ಯಾಪಾರ ಅಥವಾ ಕೈಗಾರಿಕೆಯಲ್ಲಿ ಕೆಲಸಕ್ಕಿರುವ ಎಲ್ಲರೂ. ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಕೋಡ್ ಬರೆಯುವ ನೀವೂ ಅದರೊಳಗಿದ್ದೀರಿ. ಬೆಂಗಳೂರಿನಲ್ಲಿ 2017ರಿಂದ ಐಟಿ ನೌಕರರ ಸಂಘವೊಂದಿದೆ. ಒಂದು ಮಧ್ಯಾಹ್ನ ಮೀಟಿಂಗಿಗೆ ಕರೆದು, ರಾಜೀನಾಮೆಯನ್ನು ತಾವೇ ಬರೆಯುವಂತೆ ಮಾಡಿ, ಸಂಜೆಗೆ ಲ್ಯಾಪ್‌ಟಾಪ್ ಕಿತ್ತುಕೊಂಡು ಕಳಿಸುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆಗ ಒಬ್ಬೊಬ್ಬರೇ ಲಿಂಕ್ಡ್‌ಇನ್‌ನಲ್ಲಿ ಸಂಕಟ ತೋಡಿಕೊಳ್ಳುತ್ತೇವೆ. ಕಂಪನಿಯ ಹೆಸರು ಅಲ್ಲಿ ಕೆಡುತ್ತದೆ, ನಮಗೂ ಏನೂ ಸಿಗುವುದಿಲ್ಲ. ಮೇಜಿನ ಆಚೆ ಬದಿ ಖಾಲಿಯಿದ್ದರೆ ಆಗುವುದು ಇದೇ: ಮಾತಾಡಬೇಕಾದದ್ದನ್ನೆಲ್ಲ ಬೀದಿಯಲ್ಲಿ ಕೂಗಿಕೊಳ್ಳಬೇಕಾಗುತ್ತದೆ.

ಹಾಗಾದರೆ ಏನು ಕೇಳಬೇಕು? ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ನಿಯಮ ರೂಪಿಸುವ ಅಧಿಕಾರ ರಾಜ್ಯಗಳಿಗೂ ಇದೆ. ಆದ್ದರಿಂದ ಮಾತು ಮುಗಿದಿಲ್ಲ. ಸಂಘದ ನೋಂದಣಿಗೆ ದಿನಗಳ ಗಡುವು ಇರಲಿ, ಶ್ರೀಪೆರಂಬದೂರು ಮರುಕಳಿಸದಿರಲಿ. ಬೆಂಬಲದ ಎಣಿಕೆ ಗುಪ್ತ ಮತದಾನದಿಂದ ಆಗಲಿ. ಒಂದೇ ಲೈನಿನಲ್ಲಿ ದುಡಿಯುವ ಗುತ್ತಿಗೆಯವರ ದನಿಗೂ ಮಾತುಕತೆಯಲ್ಲಿ ಒಂದು ಕುರ್ಚಿ ಇರಲಿ. ಸಂಧಾನಕ್ಕೆ ಕೊನೆಯ ದಿನ ಇರಲಿ, ಆ ದಿನ ದಾಟಿದರೆ ಮುಷ್ಕರ ಸಕ್ರಮವಾಗಲಿ. ಈ ನಾಲ್ಕನ್ನೂ ಕೇಳಬೇಕಾದವರು ಕಾರ್ಮಿಕ ಮುಖಂಡರಷ್ಟೇ ಅಲ್ಲ. ಮಾಲೀಕರ ಒಕ್ಕೂಟಗಳು, ಮಾನವ ಸಂಪನ್ಮೂಲ ವಿಭಾಗದವರು ಅವರಿಗಿಂತ ಮುಂಚೆ ಕೇಳಬೇಕು. ಏಕೆಂದರೆ ಸಿಟ್ಟಾದ ಸಾವಿರ ಜನರ ಎದುರು ನಿಲ್ಲಬೇಕಾಗಿ ಬರುವುದು ಸಂಹಿತೆ ಬರೆದವರಿಗಲ್ಲ, ಗೇಟಿನ ಒಳಗೆ ಡ್ಯೂಟಿಯಲ್ಲಿರುವ ನಿಮಗೆ.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಅದನ್ನು ತಿರುಗಿಸಿ ಹೇಳಬೇಕು. ಮಾತಿಗೆ ಬಂದವರ ಮುಖದ ಮೇಲೆ ಬಾಗಿಲು ಹಾಕಿದ್ದರಿಂದಲೇ ಮಾನೇಸರ ಉರಿಯಿತು, ಮಾತಿಗೆ ಬಾಗಿಲೇ ಇಲ್ಲದ್ದರಿಂದ ನರಸಾಪುರ ಉರಿಯಿತು. ನೋಟಿಸು ಹಿಡಿದು ಬಂದವನನ್ನು ಒಳಗೆ ಕರೆದು ಕುರ್ಚಿ ಕೊಡಿ. ಅವನು ನಿಮ್ಮ ಶತ್ರುವಲ್ಲ. ಒಪ್ಪಂದಕ್ಕೆ ಸಹಿ ಹಾಕಿ, ಹೊರಗೆ ಹೋಗಿ, 'ಇಷ್ಟಕ್ಕೆ ಒಪ್ಪಿದ್ದೇವೆ, ಕೆಲಸಕ್ಕೆ ನಡೆಯಿರಿ' ಎಂದು ಸಾವಿರ ಜನರಿಗೆ ಹೇಳಿ ನಡೆಸಬಲ್ಲವನು ಇಡೀ ಕಾರ್ಖಾನೆಯಲ್ಲಿ ಅವನೊಬ್ಬನೇ.